ದುಡ್ಡು ಹಾಕುವುದು ಕಷ್ಟವಾಗಿಯೇ ಇರಲಿ

ಮೊಬೈಲಿನಲ್ಲಿ ಪೋಕರ್ ಆಡುವವರಿಗೆ ಈಗ ದೊಡ್ಡ ತಲೆನೋವಾಗಿರುವುದು ಆಟದ ಖಾತೆಗೆ ದುಡ್ಡು ಹಾಕುವುದು. 2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಗೆ ಒಪ್ಪಿಗೆ ಕೊಟ್ಟವು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಆಟವನ್ನು ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಎನ್ನುವ ಭಾಗ ಎಲ್ಲರ ಕಿವಿಗೂ ಬಿತ್ತು. ಅಷ್ಟು ಸದ್ದು ಮಾಡದೆ ಹೋದ ಭಾಗವೊಂದಿದೆ. ಅದು ಕಾಯ್ದೆಯ 7ನೇ ಸೆಕ್ಷನ್. ಯಾವ ಬ್ಯಾಂಕೂ, ಯಾವ ಹಣಕಾಸು ಸಂಸ್ಥೆಯೂ, ಹಣ ದಾಟಿಸಿಕೊಡುವ ಬೇರೆ ಯಾರೂ ಇಂಥ ಆಟಕ್ಕೆ ದುಡ್ಡು ಸಾಗಲು ಬಿಡಕೂಡದು ಎನ್ನುತ್ತದೆ ಅದು. ಮೀರಿದವರಿಗೆ ಆಟ ನಡೆಸಿದವರಿಗಿರುವಷ್ಟೇ ಶಿಕ್ಷೆ. ಆಡಿದವನಿಗೆ ಶಿಕ್ಷೆಯಿಲ್ಲ. ಅವನನ್ನು ಕಾಯ್ದೆ ನೊಂದವರ ಸಾಲಿನಲ್ಲಿ ನೋಡುತ್ತದೆ. ಪೋಕರ್‌ಬಾಝಿ, ಅಡ್ಡಾ52 ಮುಂತಾದ ದೇಶಿ ಪೋಕರ್ ಆ್ಯಪ್‌ಗಳು ಆ ವಾರದಲ್ಲೇ ಹಣದಾಟ ನಿಲ್ಲಿಸಿದವು. ಖಾತೆಯಲ್ಲಿ ಉಳಿದ ಹಣ ಹಿಂದಕ್ಕೆ ಪಡೆಯಲು ಬಿಟ್ಟವು, ಹೊಸದಾಗಿ ಹಾಕುವುದನ್ನು ನಿಲ್ಲಿಸಿದವು. ಈ ಅಡ್ಡಿ ಸರಿಯೇ, ಇದರಿಂದ ಪ್ರಯೋಜನವಿದೆಯೇ ಎಂಬುದು ಪ್ರಶ್ನೆ. ನನ್ನ ವಾದ ಇಷ್ಟು: ಆಟ ಕೌಶಲವೋ ಅದೃಷ್ಟವೋ ಎಂಬ ಅರವತ್ತು ವರ್ಷಗಳ ವ್ಯಾಜ್ಯಕ್ಕಿಂತ ದುಡ್ಡು ಒಳಗೆ ಹೋಗುವ ದಾರಿ ಎಷ್ಟು ಸಲೀಸು ಎನ್ನುವುದೇ ಮುಖ್ಯ. ಆ ದಾರಿ ಕಷ್ಟವಾದಷ್ಟೂ ಸಣ್ಣ ಊರಿನ ಮನೆಗಳು ಉಳಿಯುತ್ತವೆ.

ತುಮಕೂರು ಸೀಮೆಗೆ ಇಸ್ಪೀಟು ಹೊಸದೇನಲ್ಲ. ಯುಗಾದಿಯ ಮರುದಿನ ಹೊಸತೊಡಕಿಗೆ ಅಂದರ್ ಬಾಹರ್ ಆಡುವುದನ್ನು ಹಳೇ ಮೈಸೂರಿನ ಊರುಗಳು ಹಬ್ಬದ ಭಾಗವೆಂಬಂತೆ ಸಹಿಸಿಕೊಂಡು ಬಂದಿವೆ. ಉಳಿದ ದಿನಗಳಲ್ಲಿ ತೋಟದಲ್ಲೋ ಹಳ್ಳದ ಬದಿಯಲ್ಲೋ ಕೂತವರ ಮೇಲೆ ಪೊಲೀಸರು ದಾಳಿ ಮಾಡುತ್ತಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79, 80, 87ನೇ ಸೆಕ್ಷನ್‌ಗಳಡಿ ಪ್ರಕರಣ ದಾಖಲಾಗುತ್ತದೆ. ಪಣಕ್ಕಿಟ್ಟಿದ್ದ ನಗದು, ಇಸ್ಪೀಟ್ ಎಲೆಗಳು ವಶವಾದ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ಬರುತ್ತದೆ. ಆ ಅಡ್ಡೆಗಳಲ್ಲಿ ಮನೆ ಕಳೆದುಕೊಂಡವರು ಇದ್ದರು, ಇಲ್ಲವೆನ್ನಲಾಗದು. ಆದರೂ ಅಲ್ಲೊಂದು ಎಲ್ಲೆ ತಾನಾಗಿ ಬಿದ್ದಿರುತ್ತಿತ್ತು. ಜೇಬಿನಲ್ಲಿರುವ ನೋಟು ಮುಗಿದರೆ ಎದ್ದು ಹೋಗಬೇಕು. ಇನ್ನಷ್ಟು ಬೇಕೆಂದರೆ ಪಕ್ಕದವನ ಹತ್ತಿರ ಕೈಗಡ ಕೇಳಬೇಕು, ಅವನು ಮುಖ ನೋಡಿ ಕೊಡಬೇಕು. ಉಂಗುರ ಗಿರವಿ ಇಡುವುದಾದರೆ ಅಂಗಡಿ ಬಾಗಿಲು ತೆರೆಯುವವರೆಗೆ ಕಾಯಬೇಕು. ಈ ಕೇಳುವುದು, ಕಾಯುವುದು, ನಾಚುವುದು ಇವೆಲ್ಲ ಯಾವ ಸರ್ಕಾರವೂ ಮಾಡದ ಕಾನೂನುಗಳು. ಸೋತವನ ತಲೆ ತಣ್ಣಗಾಗಲು ಸಿಗುತ್ತಿದ್ದ ಹೊತ್ತು ಅದು.

ಫೋನಿನಲ್ಲಿ ನಡೆಯುವ ಹಣ ಪಾವತಿ ಈ ಹೊತ್ತನ್ನು ಅಳಿಸಿಹಾಕಿತು. 2016ರಲ್ಲಿ ಯುಪಿಐ ಬಂದಾಗ ಅದರಿಂದ ಆದ ಉಪಕಾರ ಸಣ್ಣದಲ್ಲ. ಗುಬ್ಬಿ ಸಂತೆಯ ಸೊಪ್ಪಿನ ವ್ಯಾಪಾರದಿಂದ ಕುಣಿಗಲ್ ಬಸ್ ನಿಲ್ದಾಣದ ಟೀ ಅಂಗಡಿಯವರೆಗೆ ಚಿಲ್ಲರೆಯ ಕಾಟ ಹೋಯಿತು. ಅದೇ ಸಲೀಸು ಪೋಕರ್ ಆ್ಯಪಿಗೂ ಸಿಕ್ಕಿತು. ರಾತ್ರಿ ಎರಡು ಗಂಟೆಗೆ ಸೋತವನು ಎರಡು ಗಂಟೆ ಒಂದು ನಿಮಿಷಕ್ಕೆ ಮತ್ತೆ ಐದು ಸಾವಿರ ಹಾಕಬಹುದಿತ್ತು. ಯಾರನ್ನೂ ಕೇಳಬೇಕಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಹಣದಾಟದಲ್ಲಿ ಅತಿ ಅಪಾಯದ ಗಳಿಗೆ ಇದು. ಮೊದಲ ಸಲ ದುಡ್ಡು ಹಾಕುವವನು ಯೋಚಿಸಿ, ಕಳೆದುಕೊಂಡರೂ ಚಿಂತೆಯಿಲ್ಲ ಎನಿಸುವಷ್ಟನ್ನು ಹಾಕುತ್ತಾನೆ. ಎರಡನೇ ಸಲ, ಮೂರನೇ ಸಲ ಹಾಕುವುದು ಹೋದದ್ದನ್ನು ಹಿಡಿಯಲು. ಆಗ ಲೆಕ್ಕ ತಪ್ಪುತ್ತದೆ. ಪಳಗಿದ ಪೋಕರ್ ಆಟಗಾರರೇ ಈ ಸ್ಥಿತಿಗೆ ಟಿಲ್ಟ್ ಎಂಬ ಹೆಸರಿಟ್ಟು, ಆ ಹೊತ್ತಿನಲ್ಲಿ ಮೇಜು ಬಿಟ್ಟೇಳಬೇಕೆಂದು ಹೊಸಬರಿಗೆ ಹೇಳಿಕೊಡುತ್ತಾರೆ. ಆ್ಯಪಿನ ಲಾಭ ಇರುವುದು ಏಳದಿರುವವನಲ್ಲಿ. ಈ ಜಿಲ್ಲೆಯಲ್ಲಿ ದುಡ್ಡು ಮನೆಗೆ ಬರುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವವರಿಗೆ ತಿಂಗಳ ಸಂಬಳ ಒಂದೇ ದಿನ ಖಾತೆಗೆ ಬೀಳುತ್ತದೆ. ಗುಬ್ಬಿ ಕಡೆಯ ಅಡಿಕೆ ತೋಟದವರಿಗೆ ಚೇಣಿ ಕೊಟ್ಟಾಗ ವರ್ಷದ ಮುಕ್ಕಾಲು ಆದಾಯ ಒಮ್ಮೆಗೇ ಕೈಸೇರುತ್ತದೆ. ಮಕ್ಕಳ ಫೀಸು, ಬ್ಯಾಂಕಿನ ಬೆಳೆ ಸಾಲ, ಮುಂದಿನ ಗೊಬ್ಬರ ಎಲ್ಲವೂ ಅದರಲ್ಲೇ ಆಗಬೇಕು. ಖಾತೆಯಲ್ಲಿ ಎರಡು ಲಕ್ಷ ಕಾಣುವ ಆ ಕೆಲವು ವಾರಗಳಲ್ಲಿ ಬೆರಳು ಒತ್ತಿದರೆ ಸಾಕು ಎಂಬ ಸೌಲಭ್ಯ ಇರುವುದಕ್ಕೂ, ಇಲ್ಲದಿರುವುದಕ್ಕೂ ಅಜಗಜಾಂತರ.

ಆಟ ಕೊನೆಗೆ ಯಾರಿಗೆ ಲಾಭ ಎಂಬ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಪೋಕರಿನಲ್ಲಿ ಆಟಗಾರರು ಒಬ್ಬರ ದುಡ್ಡನ್ನು ಇನ್ನೊಬ್ಬರು ಗೆಲ್ಲುತ್ತಾರೆ. ಹೊರಗಿನಿಂದ ಒಂದು ರೂಪಾಯಿಯೂ ಮೇಜಿಗೆ ಬರುವುದಿಲ್ಲ. ಕಂಪನಿ ಪ್ರತಿ ಕೈಯಿಂದ ರೇಕ್ ಎಂಬ ತನ್ನ ಪಾಲು ಕಡಿದುಕೊಳ್ಳುತ್ತದೆ. 2023ರ ಅಕ್ಟೋಬರ್ 1ರಿಂದ, ಖಾತೆಗೆ ಹಾಕಿದ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28ರಂತೆ ಜಿಎಸ್‌ಟಿ ಬಿತ್ತು. ಆರು ಜನ ತಲಾ ಸಾವಿರ ಹಾಕಿದರು ಎಂದುಕೊಳ್ಳಿ. ಹಾಕಿದ ಹಣದಲ್ಲೇ ತೆರಿಗೆಯೂ ಸೇರಿರುವುದರಿಂದ ಆರು ಸಾವಿರದಲ್ಲಿ ತೆರಿಗೆ ಸುಮಾರು 1,312 ರೂಪಾಯಿ, ಆಡಲು ಉಳಿಯುವುದು ಸುಮಾರು 4,688. ಆಡದೆ ಹಿಂದಕ್ಕೆ ಪಡೆದರೂ ಆ ತೆರಿಗೆ ವಾಪಸಿಲ್ಲ. ಉಳಿದ ಹಣ ರಾತ್ರಿಯಿಡೀ ಕೈಯಿಂದ ಕೈಗೆ ತಿರುಗುವಾಗ ಪ್ರತಿ ತಿರುವಿನಲ್ಲೂ ರೇಕ್ ಸೋರುತ್ತದೆ. ಕೊನೆಗೆ ಗೆದ್ದವನು ಹಣ ತೆಗೆಯಲು ಹೋದರೆ 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30 ಮೂಲದಲ್ಲೇ ಕಡಿತ. ಕಂಪನಿಗಳು ಈ ಜಿಎಸ್‌ಟಿಯಷ್ಟು ಮೊತ್ತವನ್ನು ಬೋನಸ್ ಎಂದು ಸೇರಿಸಿ ಕೊಟ್ಟು ನೋವು ಮರೆಸಲು ನೋಡಿದವು, ಅದು ಬೇರೆ. ಆರು ಜನರಲ್ಲಿ ಬೇರೆಯವರು ಸೋಲದೆ ಒಬ್ಬ ಗೆಲ್ಲಲಾರ. ಗೆದ್ದವನಿಗೂ ಸಿಗುವುದು ಸೋತವರು ಕಳೆದುಕೊಂಡದ್ದಕ್ಕಿಂತ ಬಹಳ ಕಡಿಮೆ. ಆನ್‌ಲೈನ್ ಹಣದಾಟದಿಂದ 45 ಕೋಟಿ ಜನರಿಗೆ ತೊಂದರೆಯಾಗಿದೆ, 20,000 ಕೋಟಿಗೂ ಹೆಚ್ಚು ಹೋಗಿದೆ ಎಂಬುದು ಕೇಂದ್ರ ಸರ್ಕಾರದ ಅಂದಾಜು. 45 ಕೋಟಿ ಎಂಬ ಸಂಖ್ಯೆ ನನಗೆ ಅತಿಯೆನಿಸುತ್ತದೆ. ನನ್ನ ವಾದ ಅದರ ಮೇಲೆ ನಿಂತಿಲ್ಲ. ಆರು ಜನರ ಆ ಸಣ್ಣ ಲೆಕ್ಕವೇ ಸಾಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಗೌರವದಿಂದಲೇ ಎದುರಿಸಬೇಕು. ಪೋಕರ್ ಬುದ್ಧಿಯ ಆಟ, ಸಂಭವನೀಯತೆಯ ಲೆಕ್ಕ ಗೊತ್ತಿದ್ದವನು ದೀರ್ಘಕಾಲದಲ್ಲಿ ಗೆಲ್ಲುತ್ತಾನೆ, ವಯಸ್ಕನೊಬ್ಬ ತನ್ನ ದುಡಿಮೆಯ ಹಣದಲ್ಲಿ ಬುದ್ಧಿಯ ಆಟ ಆಡುವುದನ್ನು ತಡೆಯಲು ಸರ್ಕಾರ ಯಾರು ಎಂಬ ಪ್ರಶ್ನೆ. ಈ ಮಾತಿಗೆ ಕರ್ನಾಟಕದ ನ್ಯಾಯಾಲಯಗಳಲ್ಲೇ ಬಲವಾದ ಆಧಾರವಿದೆ. ಶುದ್ಧ ಕೌಶಲದ ಆಟಗಳನ್ನು ರಾಜ್ಯದ ಪೊಲೀಸ್ ಕಾಯ್ದೆಯ 176ನೇ ಸೆಕ್ಷನ್ ಮೊದಲಿಂದಲೂ ಹೊರಗಿಟ್ಟಿತ್ತು. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಅರ್ಜಿ ಹಾಕಿದಾಗ, ಪೋಕರನ್ನು ಕೌಶಲದ ಆಟವಾಗಿ ಆಡಿಸಲು ಲೈಸೆನ್ಸ್ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ ಹೇಳಿತು. 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಕೌಶಲದ ಆಟಕ್ಕೂ ಪಣ ಕಟ್ಟುವುದನ್ನು ನಿಷೇಧಿಸಿ, ವಿದ್ಯುನ್ಮಾನ ಹಣ ವರ್ಗಾವಣೆಯನ್ನೂ ಅದರೊಳಗೆ ತಂದಿತು. ಆಗ ಆ್ಯಪ್‌ಗಳು ಜಿಪಿಎಸ್ ನೋಡಿ ಕರ್ನಾಟಕದಲ್ಲಿರುವವರಿಗೆ ಬಾಗಿಲು ಹಾಕಿದವು. ಡ್ರೀಮ್11 ಕೂಡ ಬೆಂಗಳೂರಿನಲ್ಲಿ ದೂರು ದಾಖಲಾದ ಮೇಲೆ ಇಲ್ಲಿ ಸೇವೆ ನಿಲ್ಲಿಸಿತು. ನಾಲ್ಕು ತಿಂಗಳು ಕಳೆದು, 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಎಲ್ಲ ಕೋರ್ಟುಗಳೂ ಹೀಗೆ ನೋಡಿಲ್ಲ; ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರನ್ನು ಜೂಜೆಂದೇ ಕಂಡಿತ್ತು. ಕೇಂದ್ರದ ಹೊಸ ಕಾಯ್ದೆಯನ್ನು ಪ್ರಶ್ನಿಸಿ ರಮ್ಮಿ–ಪೋಕರ್ ಆ್ಯಪ್ ಎ23ರ ಕಂಪನಿಯವರು ಮೊದಲು ಬಂದದ್ದು ಕರ್ನಾಟಕ ಹೈಕೋರ್ಟಿಗೇ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆಬೇರೆ ಹೈಕೋರ್ಟುಗಳ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ತರಿಸಿಕೊಂಡಿತು.

ಪೋಕರಿನಲ್ಲಿ ಕೌಶಲವಿದೆ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದಷ್ಟೂ ನನ್ನ ಆತಂಕ ಹೆಚ್ಚುತ್ತದೆ. ಅದೃಷ್ಟದ ಆಟದಲ್ಲಿ ಹೊಸಬನಿಗೂ ಹಳಬನಿಗೂ ಸಮಾನ ಅವಕಾಶವಾದರೂ ಇರುತ್ತದೆ. ಕೌಶಲದ ಆಟದಲ್ಲಿ, ಒಂದೇ ಸಲಕ್ಕೆ ಹತ್ತಾರು ಮೇಜು ತೆರೆದುಕೊಂಡು, ಅಂಕಿ ಅಂಶ ಮುಂದಿಟ್ಟುಕೊಂಡು ಕೂತ ವೃತ್ತಿಪರನ ಎದುರಿಗೆ ಕಾಲೇಜು ಹುಡುಗನನ್ನು ಕೂರಿಸಿದಂತಾಗುತ್ತದೆ. ಯಾರ ಎದುರು ಕೂತಿದ್ದೇನೆಂದು ಅವನಿಗೆ ಕಾಣುವುದೂ ಇಲ್ಲ. ಕೌಶಲ ಎಂಬ ಮಾತು ಗೆದ್ದವನ ಹಕ್ಕನ್ನು ಸಮರ್ಥಿಸುತ್ತದೆ, ಸರಿ. ಸೋತವನು ಅದೇ ರಾತ್ರಿ ಐದನೇ ಸಲ ದುಡ್ಡು ಹಾಕುವುದನ್ನು ಅದು ಹೇಗೆ ಸಮರ್ಥಿಸೀತು? 2022ರ ಹೈಕೋರ್ಟ್ ತೀರ್ಪು ಕೂಡ, ಸಂವಿಧಾನಕ್ಕೆ ಒಪ್ಪುವ ರೀತಿಯಲ್ಲಿ ಬಾಜಿ–ಜೂಜಿನ ವಿರುದ್ಧ ತಕ್ಕ ಕಾನೂನು ತರಲು ತನ್ನ ತೀರ್ಪು ಅಡ್ಡಿಯಲ್ಲ ಎಂದೇ ಹೇಳಿತ್ತು. ಆಡುವ ಸ್ವಾತಂತ್ರ್ಯ ಬೇರೆ, ಕ್ಷಣಾರ್ಧದಲ್ಲಿ ಎಷ್ಟು ಬೇಕಾದರೂ ದುಡ್ಡು ಹರಿಸುವ ಸೌಲಭ್ಯ ಬೇರೆ. ಕುಣಿಗಲ್ಲಿನ ದೊಡ್ಡಕೆರೆಗೆ ನೀರು ಬರಲಿ ಎಂದು ಬಯಸುವ ರೈತನೂ ತೂಬನ್ನು ಸದಾ ತೆರೆದಿಡಿ ಎನ್ನುವುದಿಲ್ಲ.

ಹಣದಾಟವನ್ನು ಕಾನೂನುಬದ್ಧಗೊಳಿಸಿದ ದೇಶಗಳೂ ಅಂಕೆ ಹಾಕಲು ಹೋಗಿರುವುದು ಈ ಜಾಗಕ್ಕೇ ಎಂಬುದನ್ನು ಗಮನಿಸಬೇಕು. ಬಾಜಿ ಅಂಗಡಿಗಳಿಗೆ ಹೆಸರಾದ ಬ್ರಿಟನ್, ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು 2020ರ ಏಪ್ರಿಲ್ 14ರಿಂದ ನಿಷೇಧಿಸಿತು. ಅಲ್ಲಿನ ಮೊಂಜೊ ಬ್ಯಾಂಕ್ 2018ರಲ್ಲೇ ಗ್ರಾಹಕನ ಕೈಗೆ ಒಂದು ತಡೆಗುಂಡಿ ಕೊಟ್ಟಿತು; ಅದನ್ನು ಒತ್ತಿದರೆ ಜೂಜಿನ ಪಾವತಿಗಳೆಲ್ಲ ತಿರಸ್ಕಾರವಾಗುತ್ತವೆ, ಮತ್ತೆ ತೆರೆಯಬೇಕೆಂದರೆ ಎರಡು ದಿನ ಕಾಯಬೇಕು. ಆಸ್ಟ್ರೇಲಿಯಾ 2024ರ ಜೂನ್‌ನಲ್ಲಿ ಆನ್‌ಲೈನ್ ಬಾಜಿಗೆ ಕ್ರೆಡಿಟ್ ಕಾರ್ಡನ್ನೂ ಕ್ರಿಪ್ಟೊ ನಾಣ್ಯವನ್ನೂ ಮುಚ್ಚಿತು. ನಾರ್ವೆ 2010ರಿಂದಲೇ ತನ್ನ ಬ್ಯಾಂಕುಗಳಿಗೆ ಹೊರದೇಶದ ಜೂಜುಕಟ್ಟೆಗಳಿಗೆ ಹಣ ಸಾಗಿಸಬೇಡಿ ಎಂದಿದೆ. ಆಟದ ಬಗ್ಗೆ ಇವರೆಲ್ಲರ ನಿಲುವು ಬೇರೆಬೇರೆ, ಹಣದ ದಾರಿಯ ಬಗ್ಗೆ ಮಾತ್ರ ಒಂದೇ. ನಮ್ಮಲ್ಲೂ ಈ ವಿವೇಕ ಬೇರೆ ಕಡೆ ಕೆಲಸ ಮಾಡಿದೆ. ಆ್ಯಪ್ ಸಾಲಗಳ ಕಾಟ ವಿಪರೀತಕ್ಕೆ ಹೋದಾಗ, 2022ರಲ್ಲಿ ರಿಸರ್ವ್ ಬ್ಯಾಂಕ್ ಸಾಲ ಪಡೆದವನಿಗೆ ಮನಸ್ಸು ಬದಲಾಯಿಸಲು ಕೆಲವು ದಿನ ಕೊಡಬೇಕೆಂದು ನಿಯಮ ಮಾಡಿತು. ಸಾಲಕ್ಕೆ ಬೇಕಾದ ಆ ಮರುಯೋಚನೆಯ ಹೊತ್ತು ಪಣಕ್ಕೆ ಇನ್ನೂ ಹೆಚ್ಚು ಬೇಕು.

ಎರಡನೇ ಆಕ್ಷೇಪ ಅನುಭವಸ್ಥರದ್ದು. ದೇಶಿ ಆ್ಯಪ್ ಮುಚ್ಚಿದರೆ ಆಟಗಾರ ಮನೆಗೆ ಹೋಗುವುದಿಲ್ಲ, ವಿದೇಶಿ ತಾಣಕ್ಕೆ ಹೋಗುತ್ತಾನೆ. ಅಲ್ಲಿ ತೆರಿಗೆಯೂ ಇಲ್ಲ, ಗುರುತಿನ ತಪಾಸಣೆಯೂ ಇಲ್ಲ, ಕೇಳುವವರೂ ಇಲ್ಲ ಎನ್ನುತ್ತಾರೆ. ಇದು ನಿಜ, ಮತ್ತು ಈಗ ದುಡ್ಡು ಹಾಕುವ ಕಷ್ಟದ ನಿಜರೂಪ ಕಾಣುವುದು ಇಲ್ಲೇ. ವಿದೇಶಿ ವಿನಿಮಯದ ನಿಯಮಗಳು ಲಾಟರಿ, ಸ್ವೀಪ್‌ಸ್ಟೇಕ್‌ಗಳಿಗೆ ಹೊರದೇಶಕ್ಕೆ ಹಣ ಕಳಿಸುವುದನ್ನು 2000ದಿಂದಲೂ ನಿಷೇಧಿಸಿವೆ. ಜೂಜಿನ ಸಂಕೇತಸಂಖ್ಯೆಯ ಪಾವತಿಯನ್ನು ಬ್ಯಾಂಕುಗಳು ತಾವಾಗಿಯೇ ತಿರಸ್ಕರಿಸುತ್ತವೆ. ಹಾಗಾಗಿ ಆ ತಾಣಗಳು ಅಡ್ಡದಾರಿ ಹಿಡಿದಿವೆ. ದುಡ್ಡು ಹಾಕಿ ಎಂದೊತ್ತಿದರೆ ಪರದೆಯ ಮೇಲೆ ಒಂದು ಕ್ಯೂಆರ್ ಚೌಕ ಬರುತ್ತದೆ. ಅದರಲ್ಲಿ ಇರುವುದು ಯಾವುದೋ ಊರಿನ, ಹೆಸರೇ ಕೇಳದ ವ್ಯಕ್ತಿಯ ಖಾತೆ. ಸ್ವಲ್ಪ ಹೊತ್ತಿಗೆ ಬೇರೆ ಹೆಸರು. ಹಣ ಕಳಿಸಿ, ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನು ತುಂಬಬೇಕು. ಅವರು ಒಪ್ಪಿದರೆ ಆಟದ ಖಾತೆಯಲ್ಲಿ ಅಂಕಿ ಏರುತ್ತದೆ. ಒಪ್ಪದಿದ್ದರೆ ಟೆಲಿಗ್ರಾಂನಲ್ಲಿ ಅಂಗಲಾಚಬೇಕು. ಬ್ಯಾಂಕಿಗೆ ಹೋದರೆ, ನೀವೇ ಒಬ್ಬ ವ್ಯಕ್ತಿಗೆ ಕಳಿಸಿದ್ದೀರಿ ಎನ್ನುವ ಉತ್ತರ. ಕ್ರಿಪ್ಟೊ ನಾಣ್ಯದ ದಾರಿ ಹಿಡಿದವರಿಗೂ ಪಾಡು ಬೇರೆಯಲ್ಲ. ನಾಣ್ಯ ಕೊಳ್ಳಲು ಹಲವು ಸಲ ಮತ್ತೊಬ್ಬ ಅಪರಿಚಿತನ ಖಾತೆಗೇ ಹಣ ಹಾಕಬೇಕಾಗುತ್ತದೆ, ಮಾರುವವನಿಗೆ ಬರುವ ಹಣ ಎಲ್ಲಿಯದೆಂಬುದು ಅವನಿಗೇ ತಿಳಿದಿರುವುದಿಲ್ಲ.

ಅಮೆರಿಕ ಈ ಹಾದಿಯನ್ನು ಮೊದಲೇ ತುಳಿದಿದೆ. 2006ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಜೂಜಿನ ತಾಣಗಳು ಅಕ್ರಮ ಪಣಕ್ಕೆ ಹಣ ಸ್ವೀಕರಿಸುವುದನ್ನೇ ಅಪರಾಧ ಮಾಡಿತು. ಷೇರು ಮಾರುಕಟ್ಟೆಯಲ್ಲಿದ್ದ ಪಾರ್ಟಿಗೇಮಿಂಗ್‌ನಂಥ ಕಂಪನಿಗಳು ತಕ್ಷಣ ಹೊರನಡೆದವು. ಆಟಗಾರರ ಹಣ ದಾಟಿಸುತ್ತಿದ್ದ ನೆಟೆಲ್ಲರ್ 2007ರ ಆರಂಭದಲ್ಲಿ ಕೈಬಿಟ್ಟಿತು. ಉಳಿದವರು ವೇಷ ಹಾಕಿದರು. ಪೋಕರಿಗೆ ಹೋಗುವ ಹಣವನ್ನು ಹೂವಿನ ಅಂಗಡಿ, ಆಭರಣದ ಅಂಗಡಿಯ ವ್ಯಾಪಾರವೆಂದು ಬ್ಯಾಂಕಿಗೆ ತೋರಿಸಿದರೆಂಬುದು 2011ರ ಏಪ್ರಿಲ್ 15ರಂದು ಬಯಲಾದ ಆರೋಪಪಟ್ಟಿಯಲ್ಲಿದೆ. ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆ್ಯಬ್ಸೊಲ್ಯೂಟ್ ಪೋಕರ್ ಮೂರನ್ನೂ ಅಂದು ಅಮೆರಿಕದಲ್ಲಿ ಮುಚ್ಚಿಸಲಾಯಿತು. ಫುಲ್ ಟಿಲ್ಟ್ ಆಟಗಾರರ ಹಣವನ್ನು ಬೇರೆ ಇಡದೆ ಖರ್ಚು ಮಾಡಿಕೊಂಡಿತ್ತೆಂಬುದು ಆಮೇಲೆ ಗೊತ್ತಾಯಿತು. ಅಮೆರಿಕದ ಆಟಗಾರರಿಗೆ ಮರುಪಾವತಿ ಆರಂಭವಾಗಲು 2014 ಬರಬೇಕಾಯಿತು. ನಿಷೇಧ ವಿಫಲವಾಯಿತು ಎಂದು ಇದನ್ನು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ. ಹಣದ ದಾರಿ ಮುಚ್ಚಿದ ಕೂಡಲೇ ದೊಡ್ಡ, ಲೆಕ್ಕ ಒಪ್ಪಿಸಬೇಕಾದ ಕಂಪನಿಗಳು ಹೋದವು, ಉಳಿದದ್ದು ವೇಷಧಾರಿಗಳು. ಮುಚ್ಚಿದ್ದು ತಪ್ಪಲ್ಲ. ವೇಷವನ್ನು ಐದು ವರ್ಷ ಗುರುತಿಸದೆ ಬಿಟ್ಟದ್ದು ತಪ್ಪು.

ನಮ್ಮಲ್ಲಿ ಆ ವೇಷಕ್ಕೆ ಬಟ್ಟೆ ಹೊಲಿದುಕೊಡುತ್ತಿರುವುದು ಬಾಡಿಗೆ ಖಾತೆಗಳು. ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಅದಕ್ಕೆ ಜೋಡಿಸಿದ ಸಿಮ್ ಕೊಡು, ತಿಂಗಳಿಗಿಷ್ಟು ಕೊಡುತ್ತೇವೆ ಎಂಬ ಮಾತಿಗೆ ಮರುಳಾಗುವವರು ವಿದ್ಯಾರ್ಥಿಗಳು, ಕೂಲಿಯವರು, ಕೆಲಸ ಕಳೆದುಕೊಂಡವರು. ಜಿಎಸ್‌ಟಿ ಗುಪ್ತಚರ ಮಹಾನಿರ್ದೇಶನಾಲಯ 2025ರ ಮಾರ್ಚ್‌ನಲ್ಲಿ ಕೊಟ್ಟ ಲೆಕ್ಕದಲ್ಲಿ, ವಿದೇಶಿ ಹಣದಾಟದ 357 ತಾಣಗಳನ್ನು ತಡೆಯಲಾಗಿತ್ತು. ಅಂಥ ತಾಣಗಳಲ್ಲಿ ಸಿಕ್ಕ ಯುಪಿಐ ಗುರುತುಗಳಿಗೆ ಸೇರಿದ 392 ಖಾತೆಗಳಲ್ಲಿ ಸುಮಾರು 122 ಕೋಟಿ ರೂಪಾಯಿ ತಡೆಹಿಡಿಯಲಾಗಿತ್ತು. ಇಂಥ ತಾಣಗಳು ಹಣ ಕೂಡಿಸುವುದು ಎರವಲು ಖಾತೆಗಳ ಮೂಲಕವೇ. ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಸಿದ್ದಗಂಗಾ ತಾಂತ್ರಿಕ ಕಾಲೇಜಿದೆ, ಸುತ್ತಲಿನ ತಾಲ್ಲೂಕುಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವ ಸಾವಿರಾರು ಮಕ್ಕಳಿದ್ದಾರೆ. ಖಾತೆ ಬಾಡಿಗೆಗೆ ಕೊಡುವುದು ಅಕ್ರಮ ಹಣ ವರ್ಗಾವಣೆಯ ಪ್ರಕರಣದಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲಿಸಬಲ್ಲದೆಂದು ಈ ಮಕ್ಕಳಿಗೆ ಕಾಲೇಜು ಸೇರುವ ದಿನವೇ ಯಾರಾದರೂ ಹೇಳಬೇಕು. ಖಾತೆ ತೆರೆಯುವ ಶಾಖೆಯಲ್ಲೂ ಹೇಳಬೇಕು, ಕನ್ನಡದಲ್ಲಿ, ಬಾಯಿಮಾತಿನಲ್ಲಿ.

ಈ ಅಡ್ಡದಾರಿಗೆ ಬಲಿಯಾಗುವ ಇನ್ನೊಬ್ಬನಿದ್ದಾನೆ. ಅವನ ಬಗ್ಗೆ ನಿಷೇಧದ ಪರ ಇರುವ ನಾವು ಮಾತಾಡುವುದು ಕಡಿಮೆ. ವಿದೇಶಿ ತಾಣದಿಂದ ಗೆಲುವಿನ ಹಣ ಪಡೆದವನ ಖಾತೆಗೆ ಬರುವುದು ಮತ್ತೆಲ್ಲೋ ಮೋಸಹೋದವನೊಬ್ಬನ ಹಣವಿರಬಹುದು. ಆ ಮೋಸಹೋದವನು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಟ್ಟರೆ ಹಣ ದಾಟಿದ ಖಾತೆಗಳು ಸರಪಳಿಯಂತೆ ತಡೆಗೊಳ್ಳುತ್ತವೆ. ಗೆದ್ದವನು ಆ ಹಣದಲ್ಲಿ ಕಿರಾಣಿ ಕೊಂಡಿದ್ದರೆ ಅಂಗಡಿಯವನ ಖಾತೆಗೂ ಬಿಸಿ ತಟ್ಟಬಹುದು. ಗುಬ್ಬಿಯ ಅಂಗಡಿಯವನಿಗೆ ತನ್ನ ಖಾತೆ ನಿಂತದ್ದು ಯಾವ ರಾಜ್ಯದ ಯಾವ ಠಾಣೆಯ ಪತ್ರದಿಂದ ಎಂದು ತಿಳಿಯುವುದಕ್ಕೇ ವಾರಗಳು ಹಿಡಿಯುತ್ತವೆ. ಆಮೇಲೆ ಭಾಷೆ ಗೊತ್ತಿಲ್ಲದ ಆ ಠಾಣೆಗೆ ತಾನು ನಿರಪರಾಧಿ ಎಂದು ಬರೆಯಬೇಕು. ಇದು ಅನ್ಯಾಯ, ಇದನ್ನು ಸರಿಪಡಿಸದೆ ಕಾಯ್ದೆಯ ಪರ ವಾದಿಸುವುದು ಪ್ರಾಮಾಣಿಕವಾಗದು. ವ್ಯಾಜ್ಯದಲ್ಲಿರುವ ಮೊತ್ತವನ್ನಷ್ಟೇ ತಡೆಯಬೇಕು, ಇಡೀ ಖಾತೆಯನ್ನಲ್ಲ ಎಂಬ ನಿಲುವನ್ನು ಕೇರಳ ಹೈಕೋರ್ಟ್ 2023ರಲ್ಲೇ ತಳೆದಿದೆ. ಅದು ಎಲ್ಲ ಬ್ಯಾಂಕುಗಳ ನಿತ್ಯದ ಪದ್ಧತಿಯಾಗಬೇಕು. ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇಂಥವರ ಪರವಾಗಿ ಹೊರರಾಜ್ಯದ ಠಾಣೆಗೆ ತಾನೇ ಬರೆಯುವಂತಾಗಬೇಕು. ಕುಣಿಗಲ್ಲಿನ ವ್ಯಾಪಾರಿ ಅದಕ್ಕಾಗಿ ವಕೀಲನನ್ನು ಹಿಡಿಯಬಾರದು. ಬಾಡಿಗೆ ಖಾತೆ ಹಿಡಿಯುವ ತಂತ್ರಜ್ಞಾನ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೊವೇಷನ್ ಹಬ್ ರೂಪಿಸಿದ ಮ್ಯೂಲ್‌ಹಂಟರ್ ಎಂಬ ವ್ಯವಸ್ಥೆಯನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಗಿದೆ. ಮೂರು ಸಾವಿರದ ಸರಾಸರಿ ಶಿಲ್ಕಿದ್ದ ಖಾತೆಗೆ ಒಂದೇ ದಿನ ಇನ್ನೂರು ಜನ ದುಡ್ಡು ಹಾಕಿದರೆ ಅದು ಹೊರಗಿನ ಠಾಣೆಯ ಪತ್ರ ಬರುವ ಮೊದಲೇ ಬ್ಯಾಂಕಿನ ಕಣ್ಣಿಗೆ ಬೀಳಬೇಕು.

ಅಕ್ರಮ ಉಳಿಯುತ್ತದೆ, ಆದ್ದರಿಂದ ತಡೆ ವ್ಯರ್ಥ ಎಂಬ ಮಾತಿಗೆ ಕರ್ನಾಟಕದ್ದೇ ಒಂದು ಉತ್ತರವಿದೆ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಸರ್ಕಾರ ರಾಜ್ಯದಲ್ಲಿ ಲಾಟರಿಯನ್ನು ನಿಷೇಧಿಸಿತು. ಅದಕ್ಕೆ ಮೊದಲು ಬಸ್ ನಿಲ್ದಾಣಗಳ ಸುತ್ತ ಲಾಟರಿ ಅಂಗಡಿಗಳು ಸಾಲುಗಟ್ಟಿದ್ದವು, ಒಂದಂಕಿ ಲಾಟರಿಗೆ ದಿನಗೂಲಿ ಕಳೆದುಕೊಂಡು ಮನೆಗೆ ಹೋಗುವವರು ಇದ್ದರು. ನಿಷೇಧದ ನಂತರವೂ ಮಟ್ಕಾ ಚೀಟಿ ಬರೆಯುವವರು ಸಿಕ್ಕಿಬೀಳುತ್ತಲೇ ಇದ್ದಾರೆ. ಹುಡುಕಿಕೊಂಡು ಹೋಗುವವನಿಗೆ ಸಿಗುತ್ತದೆ. ಆದರೆ ಕಾಲೇಜಿಗೆ ಹೋಗುವ ಹುಡುಗನ ದಾರಿಯಲ್ಲಿ ಆ ಅಂಗಡಿ ಎದುರಾಗುವುದಿಲ್ಲ, ಸಂಜೆ ಕೂಲಿ ಪಡೆದು ಬಸ್ಸಿಗೆ ಕಾಯುವವನ ಕಿವಿಗೆ ಆ ಕೂಗು ಬೀಳುವುದಿಲ್ಲ. ಚಟಕ್ಕೆ ಬಿದ್ದ ಕೆಲವರನ್ನು ಕಾನೂನು ತಡೆಯಲಾರದು. ಬೀಳಬಹುದಾಗಿದ್ದ ಬಹಳಷ್ಟು ಜನರನ್ನು ಆ ದಾರಿಗೇ ಬಾರದಂತೆ ಉಳಿಸುತ್ತದೆ. ಪೋಕರಿಗೂ ಇದೇ ಮಾತು. ಅಪರಿಚಿತನ ಕ್ಯೂಆರ್ ಚೌಕಕ್ಕೆ ಹಣ ಕಳಿಸಿ ಯುಟಿಆರ್ ತುಂಬಿ ಕಾಯುವ ಪಾಡು ಬಹುತೇಕರನ್ನು ಮೊದಲ ಹೆಜ್ಜೆಯಲ್ಲೇ ಹಿಂದಿರುಗಿಸುತ್ತದೆ, ಕ್ರಿಕೆಟ್ ತಾರೆಯ ಜಾಹೀರಾತು ನೋಡಿ ಒಂದೇ ಒತ್ತಿಗೆ ಹಣ ಹಾಕುತ್ತಿದ್ದ ಕಾಲಕ್ಕೆ ಹೋಲಿಸಿದರೆ.

ಮೂರನೆಯ ಆಕ್ಷೇಪ ಕುಣಿಗಲ್ಲಿನವರ ಮನೆಬಾಗಿಲಲ್ಲೇ ನಿಂತಿದೆ. ಹೈದರ್–ಟಿಪ್ಪು ಕಾಲದ ಅಶ್ವದಳದೊಂದಿಗೆ ಹೆಸರು ತಳುಕು ಹಾಕಿಕೊಂಡಿರುವ ಇಲ್ಲಿನ ಕುದುರೆ ಫಾರಂ ರೇಸಿನ ಕುದುರೆಗಳಿಗೆ ಪ್ರಸಿದ್ಧ; 1992ರಲ್ಲಿ ವಿಜಯ್ ಮಲ್ಯ ಅವರ ಕಂಪನಿಗೆ ಗುತ್ತಿಗೆ ಹೋಗಿತ್ತು. ಆ ಕುದುರೆಗಳ ಮೇಲೆ ಬೆಂಗಳೂರು, ಮೈಸೂರುಗಳಲ್ಲಿ ಬಾಜಿ ಕಟ್ಟುವುದು 1952ರ ಮೈಸೂರು ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಡಿ ನಡೆಯುತ್ತ ಬಂದಿದೆ. ಕುದುರೆ ರೇಸು ಕೌಶಲದ್ದೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಕುದುರೆಯ ಮೇಲೆ ಬಾಜಿ ಸರಿ, ತನ್ನ ಕೈಯ ಎಲೆಗಳ ಮೇಲೆ ತಪ್ಪು ಎನ್ನುವುದು ಯಾವ ನ್ಯಾಯ? ಪ್ರಶ್ನೆ ನ್ಯಾಯವಾದದ್ದೇ. ಕಾನೂನು ಇಲ್ಲಿ ಸಮವಾಗಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ವ್ಯತ್ಯಾಸವಿದೆ. ರೇಸು ಗೊತ್ತಾದ ದಿನ, ಗೊತ್ತಾದ ಗಂಟೆಗೆ ನಡೆಯುತ್ತದೆ. ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ ಸಿಗುತ್ತದೆ. ಸಂಜೆಯಾದರೆ ಮೈದಾನ ಖಾಲಿ. ಆನ್‌ಲೈನ್ ಪೋಕರಿನಲ್ಲಿ ಒಂದು ಕೈ ಮುಗಿಯಲು ಒಂದು ನಿಮಿಷ, ಬಾಗಿಲು ಮುಚ್ಚುವ ಗಂಟೆಯೇ ಇಲ್ಲ. ರೇಸಿನ ಬಾಜಿಯೂ ಫೋನಿಗೆ ಬಂದು ಇದೇ ವೇಗ ಪಡೆದರೆ ಅದಕ್ಕೂ ಇದೇ ಕಟ್ಟು ಬೀಳಬೇಕು. ಅಸಮಾನತೆಗೆ ಪರಿಹಾರ ಹುಡುಕುವುದಾದರೆ ಬಿಗಿಯ ಕಡೆಗೇ ಹುಡುಕಬೇಕು.

ಉದ್ಯೋಗ, ತೆರಿಗೆಯ ಮಾತು ಉಳಿಯಿತು. ಬೆಂಗಳೂರಿನ ಗೇಮಿಂಗ್ ಕಂಪನಿಗಳಲ್ಲಿ ಕೆಲಸ ಹೋದ ಯುವಕರ ನೋವು ನಿಜವಾದದ್ದು. ಎಂಪಿಎಲ್ ಒಂದೇ ತನ್ನ ಭಾರತದ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕೈಬಿಡುವುದಾಗಿ ಸುದ್ದಿಯಾಯಿತು. ಅವರ ಕೈಯಲ್ಲಿರುವ ವಿದ್ಯೆಗೆ ಬೇರೆ ಕೆಲಸವಿದೆ ಎಂಬ ನಂಬಿಕೆ ನನ್ನದು. ತೆರಿಗೆಯ ವಾದ ಮಾತ್ರ ನನ್ನನ್ನು ಅಲುಗಿಸುವುದಿಲ್ಲ. ಸರ್ಕಾರಕ್ಕೆ ಬರುತ್ತಿದ್ದ ಆ ಸುಮಾರು 22 ರೂಪಾಯಿ ಹುಟ್ಟುತ್ತಿದ್ದುದು ಯಾವುದೋ ಮನೆಯ ನೂರು ರೂಪಾಯಿ ಆ್ಯಪಿಗೆ ಹೋದಾಗ.

ಸುಪ್ರೀಂ ಕೋರ್ಟ್ ಯಾವ ಕಡೆಗೆ ತೀರ್ಪು ಕೊಟ್ಟರೂ ದುಡ್ಡಿನ ದಾರಿಯ ಕೆಲಸ ಬಾಕಿ ಇರುತ್ತದೆ. ಕಾಯ್ದೆ ಉಳಿದರೆ ಬಾಡಿಗೆ ಖಾತೆಗಳನ್ನು ಹಿಡಿಯಬೇಕು, ನಿರಪರಾಧಿಗಳ ಖಾತೆ ಬಿಡಿಸಬೇಕು. ಕಾಯ್ದೆ ಬಿದ್ದು ಪೋಕರ್ ಆ್ಯಪ್‌ಗಳು ಮರಳಿದರೆ, ಅವು ಹಿಂದಿನ ಸಲೀಸಿನೊಂದಿಗೆ ಮರಳಕೂಡದು. ದಿನಕ್ಕೆ ಎಷ್ಟು ಹಾಕಬಹುದೆಂಬ ಮಿತಿ ಆಟಗಾರನ ಎಲ್ಲ ಆ್ಯಪ್‌ಗಳಿಗೂ ಸೇರಿ ಒಂದೇ ಇರಬೇಕು. ಆಧಾರ್, ಪ್ಯಾನ್ ಜೋಡಿಸಿಕೊಂಡ ವ್ಯವಸ್ಥೆಗೆ ಇದು ಕಷ್ಟದ ಕೆಲಸವಲ್ಲ. ಸಾಲದ ಹಣ ನೇರ ಆಟಕ್ಕೆ ಹೋಗಬಾರದು. ಸೋತ ಮೇಲೆ ಮತ್ತೆ ಹಾಕಲು ಹೊರಟರೆ ಹಣ ಮರುದಿನ ಬೆಳಿಗ್ಗೆಯಷ್ಟೇ ಆಟದ ಖಾತೆಗೆ ಇಳಿಯಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಜೂಜಿನ ಪಾವತಿ ನಿಲ್ಲಿಸುವ ಒಂದು ಗುಂಡಿ ಇರಬೇಕು. ಅದನ್ನು ಒತ್ತಲು ಒಂದು ಕ್ಷಣ ಸಾಕಾಗಬೇಕು, ಮತ್ತೆ ತೆರೆಸಿಕೊಳ್ಳಲು ಶಾಖೆಗೆ ಹೋಗಿ ಸಹಿ ಹಾಕಿ ಮೂರು ದಿನ ಕಾಯಬೇಕು. ಇದಕ್ಕೆ ಯಾವ ತೀರ್ಪನ್ನೂ ಕಾಯಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ಸಾಕು. ಅದು ಬರುವ ತನಕ ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕಿನ ಶಾಖೆಗಳು ತಮ್ಮ ಗ್ರಾಹಕರು ಕೇಳಿದರೆ ಇಂಥ ತಡೆಯನ್ನು ಈಗಿಂದಲೇ ಹಾಕಿಕೊಡಲು ಶುರುಮಾಡಬಹುದು.